ಬೆಳಗಿನ ಜಾವದ ನೀರು

ಈ ಬಾಟಲಿ ನೋಡಿ. ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿದಿದ್ದೇನೆ. 300 ಮಿಲಿಲೀಟರ್ ನೀರು ಹಿಡಿಯುತ್ತದೆ. ಗಾಜಿನ ಬಿರಡೆ, ಅದರ ತುದಿ ಓರೆಯಾಗಿದೆ. ನೀರು ತುಂಬಿಸಿ ಬಿರಡೆ ಒತ್ತಿದಾಗ ಒಳಗೆ ಒಂದು ಗುಳ್ಳೆಯೂ ಸಿಕ್ಕಿಕೊಳ್ಳಬಾರದು, ಅದಕ್ಕೇ ಹಾಗೆ ಮಾಡಿದ್ದಾರೆ. ಗುಳ್ಳೆ ಉಳಿದರೆ ಅದರ ಗಾಳಿ ನೀರಿಗೆ ಸೇರಿ ಲೆಕ್ಕ ಕೆಡುತ್ತದೆ. ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ಬಾಟಲಿ ಇದು. ಪರಿಸರ ವಿಜ್ಞಾನ ಮತ್ತು ನೈಸರ್ಗಿಕ ಸಂಪನ್ಮೂಲ ನಿರ್ವಹಣೆಯ ಈ ಕೋರ್ಸಿಗೆ ಸೇರಿದ ನಿಮ್ಮ ಕೈಗೆ ಮೊದಲ ವರ್ಷದಲ್ಲೇ ಬರುತ್ತದೆ.

ವಿಧಾನ ಹಳೆಯದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ್ದು. ಬಾಟಲಿಗೆ ಎರಡು ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಎರಡು ಮಿಲಿಲೀಟರ್ ಕ್ಷಾರ ಬೆರೆತ ಅಯೊಡೈಡ್ ಹಾಕಬೇಕು. ಪಿಪೆಟ್ಟಿನ ತುದಿ ನೀರಿನೊಳಗೆ ಇರಬೇಕು. ಬಿರಡೆ ಹಾಕಿ ಬಾಟಲಿಯನ್ನು ನಾಲ್ಕಾರು ಸಲ ಬುಡಮೇಲು ಮಾಡಿದರೆ, ಆಮ್ಲಜನಕ ಇರುವ ನೀರಿನಲ್ಲಿ ಕಂದು ಬಣ್ಣದ ಗಸಿ ಕಟ್ಟುತ್ತದೆ. ಮೋಡದ ಹಾಗೆ ನಿಧಾನವಾಗಿ ಕೆಳಗಿಳಿಯುತ್ತದೆ. ಆಮ್ಲಜನಕ ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ಆಮೇಲೆ ಆಮ್ಲ ಹಾಕಿದರೆ ಗಸಿ ಕರಗಿ ನೀರು ಹಳದಿಯಾಗುತ್ತದೆ. ಅದರಲ್ಲಿ 200 ಮಿಲಿಲೀಟರ್ ತೆಗೆದುಕೊಂಡು ಬ್ಯೂರೆಟ್ಟಿನಿಂದ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡಬೇಕು. ಹಳದಿ ತೆಳುವಾದಾಗ ಸ್ವಲ್ಪ ಪಿಷ್ಟದ ದ್ರಾವಣ ಹಾಕಿದರೆ ನೀರೆಲ್ಲ ನೀಲಿ. ಮತ್ತೆ ಒಂದೊಂದೇ ಹನಿ. ಯಾವುದೋ ಒಂದು ಹನಿಗೆ ನೀಲಿ ಪೂರ್ತಿ ಹೋಗಿಬಿಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಥಯೋಸಲ್ಫೇಟನ್ನು 0.025 ನಾರ್ಮಲ್ (ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ) ಹದಕ್ಕೆ ಮಾಡಿಟ್ಟುಕೊಂಡಿದ್ದರೆ, ಖರ್ಚಾದ ಮಿಲಿಲೀಟರ್ ಎಷ್ಟೋ, ಒಂದು ಲೀಟರ್ ನೀರಿನಲ್ಲಿ ಅಷ್ಟು ಮಿಲಿಗ್ರಾಂ ಆಮ್ಲಜನಕ. ನೂರು ಸಲ ಮಾಡಿದ್ದರೂ ಆ ಕೊನೆಯ ಹನಿಗೆ ನಾನು ಈಗಲೂ ಉಸಿರು ಬಿಗಿಹಿಡಿದು ಕಾಯುತ್ತೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಒಂದು ಕೆರೆಯಲ್ಲಿ ಎರಡು ತಿಂಗಳು ಮಾಡಿದೆ. ಕ್ಲಾಸು ಮುಗಿಸಿ, ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ಹೋಗುತ್ತಿದ್ದೆ. ಲೀಟರಿಗೆ 10, 11 ಮಿಲಿಗ್ರಾಂ ಬರುತ್ತಿತ್ತು. ಪುಸ್ತಕದಲ್ಲಿ ಮೀನಿಗೆ 5 ಇದ್ದರೆ ಚೆನ್ನ ಅಂತ ಇತ್ತು. ಕೆರೆ ಆರೋಗ್ಯವಾಗಿದೆ ಅಂತ ವರದಿ ಬರೆದೆ. ಅಲ್ಲಿ ಬಲೆ ಹಾಕುತ್ತಿದ್ದ ಒಬ್ಬ ಹಿರಿಯರು ನನ್ನನ್ನು ದಿನಾ ನೋಡುತ್ತಿದ್ದರು. ಒಂದು ದಿನ ಕೇಳಿದರು: "ಮಧ್ಯಾಹ್ನ ಬಂದು ಏನು ನೋಡ್ತೀಯಪ್ಪ? ಬೆಳಗಿನ ಜಾವ ಬಾ. ಮೀನು ಮೇಲೆ ಬಂದು ಬಾಯಿ ಬಿಡೋದು ಕಾಣುತ್ತೆ."

ನಾನು ಹೋಗಲಿಲ್ಲ. ನನ್ನ ಹತ್ತಿರ ಅಂಕಿ ಇತ್ತಲ್ಲ. ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ದಡದ ತುಂಬ ಮೀನು ಸತ್ತು ತೇಲುತ್ತಿದ್ದವು.

ಆಮೇಲೆ ಬೆಳಗಿನ ಐದೂವರೆಗೆ ಹೋಗಿ ಅಳೆದೆ. ಗಸಿ ಹೆಚ್ಚು ಕಡಿಮೆ ಬೆಳ್ಳಗೇ ಇತ್ತು. ಲೆಕ್ಕ ಹಾಕಿದರೆ ಲೀಟರಿಗೆ 1 ಮಿಲಿಗ್ರಾಮಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾರಣ ಪಠ್ಯದಲ್ಲೇ ಇತ್ತು, ನಾನೇ ಓದಿದ್ದೆ. ಆ ಕೆರೆಗೆ ಕೊಳಚೆ ಸೇರುತ್ತಿತ್ತು. ಕೊಳಚೆಯಲ್ಲಿ ಸಾರಜನಕ, ರಂಜಕ ಇರುತ್ತವೆ. ಅವನ್ನು ತಿಂದು ಪಾಚಿ ಕೊಬ್ಬುತ್ತದೆ. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಹಾಗಾಗಿ ಮಧ್ಯಾಹ್ನ ನೀರಿನಲ್ಲಿ ಅದು ಬೇಕಾದ್ದಕ್ಕಿಂತ ಜಾಸ್ತಿ ಇರುತ್ತದೆ. 30 ಡಿಗ್ರಿ ಶಾಖದ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಸುಮಾರು 7.5 ಮಿಲಿಗ್ರಾಂ. ನನಗೆ 11 ಬಂದಾಗಲೇ ಅನುಮಾನ ಬರಬೇಕಿತ್ತು. ರಾತ್ರಿ ಪಾಚಿಯೂ ಉಸಿರಾಡುತ್ತದೆ, ತಳದ ಕೊಳೆತವೂ ಆಮ್ಲಜನಕ ಎಳೆದುಕೊಳ್ಳುತ್ತದೆ. ಸೂರ್ಯ ಹುಟ್ಟುವ ಮುಂಚೆ ಕೆರೆ ಖಾಲಿ. ನನ್ನ 11 ಸುಳ್ಳಲ್ಲ, ಟೈಟ್ರೇಷನ್, ಅಂದರೆ ಆ ಹನಿಹನಿ ಲೆಕ್ಕ, ಸರಿಯಾಗಿಯೇ ಮಾಡಿದ್ದೆ. ಆದರೆ ಅದು ಮಧ್ಯಾಹ್ನ ಎರಡು ಗಂಟೆಯ ಸತ್ಯ. ಮೀನು ಬದುಕಬೇಕಾದದ್ದು ಇಪ್ಪತ್ನಾಲ್ಕು ಗಂಟೆ.

ಈ ಕಥೆಯನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ನಿಮ್ಮಲ್ಲಿ ಜಾಸ್ತಿ ಜನ ಕಾಡು, ಹಕ್ಕಿ, ನದಿ ಇಷ್ಟ ಅಂತ ಈ ಕೋರ್ಸಿಗೆ ಬಂದಿದ್ದೀರಿ. ತುಂಬ ಒಳ್ಳೆಯದು, ಆ ಇಷ್ಟ ಇಲ್ಲದೆ ಕೆಸರಿನಲ್ಲಿ ನಿಲ್ಲುವುದು ಕಷ್ಟ. ಆದರೆ ಮೂರು ವರ್ಷ ನೀವು ಕಲಿಯುವುದು ಮುಖ್ಯವಾಗಿ ಎರಡೇ ವಿಷಯ. ಪ್ರಕೃತಿಯಲ್ಲಿ ಏನಾಗುತ್ತಿದೆ ಅಂತ ಸರಿಯಾಗಿ ಅಳೆಯುವುದು. ಆ ಪ್ರಕೃತಿಯನ್ನೇ ನಂಬಿ ಬದುಕುವವರ ಮಾತು ಕೇಳಿಸಿಕೊಳ್ಳುವುದು. ಕೋರ್ಸಿನ ಹೆಸರಿನಲ್ಲಿ ಪರಿಸರ ವಿಜ್ಞಾನ ಅಂತ ಒಂದು, ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಅಂತ ಇನ್ನೊಂದು ಇದೆಯಲ್ಲ, ಅವೆರಡೂ ಒಂದೇ ಕಡೆ ಸೇರಿರುವುದು ಇದಕ್ಕೇ. ನಾನು ಮೊದಲನೆಯದನ್ನು ಅರ್ಧ ಕಲಿತಿದ್ದೆ, ಎರಡನೆಯದನ್ನು ಕಲಿತೇ ಇರಲಿಲ್ಲ.

ಅಳೆಯುವ ವಿಷಯಕ್ಕೆ ಬರೋಣ. ರಸಾಯನ ವಿಜ್ಞಾನ, ಪರಿಸರ ಜೀವಶಾಸ್ತ್ರ, ಮಣ್ಣು, ಜಲ ವಿಜ್ಞಾನ, ನಕ್ಷೆ ಮತ್ತು ಉಪಗ್ರಹ ಚಿತ್ರ, ಸಂಖ್ಯಾಶಾಸ್ತ್ರ ಎಲ್ಲ ಇರುತ್ತವೆ. ಮಣ್ಣಿನ ಕ್ಲಾಸು ಬಹಳ ಜನಕ್ಕೆ ಇಷ್ಟವಾಗುತ್ತದೆ. ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯ ಹಾಗೆ ಹೊರಗೆ ತಳ್ಳುತ್ತೀರಿ. ಜೇಡಿ ಜಾಸ್ತಿ ಇದ್ದರೆ ಪಟ್ಟಿ ಉದ್ದಕ್ಕೆ ಬರುತ್ತದೆ, ಮರಳಿದ್ದರೆ ಅಲ್ಲೇ ಮುರಿಯುತ್ತದೆ. ಸಂಖ್ಯಾಶಾಸ್ತ್ರ ಯಾರಿಗೂ ಇಷ್ಟವಾಗುವುದಿಲ್ಲ. ದಯವಿಟ್ಟು ಅದನ್ನು ತಪ್ಪಿಸಿಕೊಳ್ಳಬೇಡಿ. ಒಂದು ಚದರ ಮೀಟರಿನ ಚೌಕಟ್ಟು ಕೊಟ್ಟು ಗಿಡ ಎಣಿಸಿಕೊಂಡು ಬನ್ನಿ ಅಂದರೆ, ಕೈ ತಾನಾಗಿಯೇ ಹೂವಿರುವ ಕಡೆಗೆ ಚೌಕಟ್ಟು ಇಡುತ್ತದೆ. ನನ್ನದೂ ಹಾಗೇ ಹೋಗುತ್ತದೆ. ಯಾವ ಜಾಗದಲ್ಲಿ ಇಡಬೇಕು ಅನ್ನುವುದನ್ನು ಮೊದಲೇ ಚೀಟಿ ಎತ್ತಿ ಗೊತ್ತು ಮಾಡಿಕೊಂಡರೆ ಮಾತ್ರ ಈ ಮೋಹ ತಪ್ಪುತ್ತದೆ. ನಿಮ್ಮ ಆಸೆ ನಿಮ್ಮ ಲೆಕ್ಕದೊಳಗೆ ನುಸುಳದ ಹಾಗೆ ಕಾಯುವ ವಿದ್ಯೆ ಅದು.

ಇನ್ನೊಂದು ಮಾತು, ತಾಳ್ಮೆಯ ಬಗ್ಗೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅಂತ ಒಬ್ಬ ವಿಜ್ಞಾನಿ. 1958ರ ಮಾರ್ಚಿನಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಅದರದ್ದು ಸುಮಾರು 313. ಮೊದಲ ಕೆಲವು ತಿಂಗಳಲ್ಲಿ ಅಂಕಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಯಾರೇ ಆದರೂ ಯಂತ್ರ ಕೆಟ್ಟಿದೆ ಅಂದುಕೊಳ್ಳಬಹುದಿತ್ತು. ವರ್ಷ ತಿರುಗಿದ ಮೇಲೆ ಅರ್ಥವಾಯಿತು. ಉತ್ತರ ಗೋಳಾರ್ಧದ ಗಿಡಮರಗಳು ಚಿಗುರಿ ಬೆಳೆಯುವಾಗ ಇಂಗಾಲ ಎಳೆದುಕೊಳ್ಳುತ್ತವೆ, ಎಲೆ ಉದುರಿ ಕೊಳೆಯುವಾಗ ಬಿಟ್ಟುಕೊಡುತ್ತವೆ. ಮೇ ತಿಂಗಳಲ್ಲಿ ಅಂಕಿ ತುದಿ ಮುಟ್ಟುತ್ತದೆ, ಸೆಪ್ಟೆಂಬರ್ ಹೊತ್ತಿಗೆ ಇಳಿಯುತ್ತದೆ. ಭೂಮಿ ಉಸಿರಾಡುವುದು ಕಾಗದದ ಮೇಲೆ ಕಂಡಿತು ಅನ್ನಿ. ಅದರ ಜೊತೆಗೇ ಪ್ರತಿ ವರ್ಷದ ತುದಿಯೂ ಹಿಂದಿನ ವರ್ಷಕ್ಕಿಂತ ಮೇಲಿರುವುದೂ ಕಂಡಿತು. 1964ರಲ್ಲಿ ಹಣ ಸಿಗದೆ ಕೆಲವು ತಿಂಗಳು ಅಳತೆ ನಿಂತಿತ್ತು. ಇವತ್ತಿಗೂ ಆ ಗೆರೆಯಲ್ಲಿ ಒಂದು ಸಣ್ಣ ಖಾಲಿ ಜಾಗ ಇದೆ. ಮತ್ತೆ ಶುರುವಾದದ್ದು ಈಗಲೂ ನಡೆಯುತ್ತಿದೆ, ಅಂಕಿ 420 ದಾಟಿದೆ. ಒಂದೇ ಕೆಲಸವನ್ನು ದಿನಾ ಮಾಡುವುದು ಸಪ್ಪೆ ಅಂತ ನಿಮಗೆ ಅನಿಸಿದ ದಿನ ಆ ಗೆರೆಯನ್ನು ತೆಗೆದು ನೋಡಿ.

ಉಪಗ್ರಹ ಚಿತ್ರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿವೆ. 2008ರಿಂದ ಅವು ಎಲ್ಲರಿಗೂ ಉಚಿತ. ಮಧ್ಯ ಏಷ್ಯಾದ ಏರಲ್ ಸಮುದ್ರದ ಚಿತ್ರಗಳನ್ನು ವರ್ಷವಾರು ಜೋಡಿಸಿ ನೋಡಿ. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1960ರ ದಶಕದಿಂದ ಅದಕ್ಕೆ ನೀರು ತರುವ ಎರಡು ನದಿಗಳನ್ನು ಹತ್ತಿ ಬೆಳೆಗೆ ತಿರುಗಿಸಿದರು. ಈಗ ಬಹುಪಾಲು ಉಪ್ಪು ಮರಳು. ಆದರೆ ಉತ್ತರದ ತುಂಡಿಗೆ 2005ರಲ್ಲಿ ಅಣೆಕಟ್ಟು ಮುಗಿಸಿದ ಮೇಲೆ ಅಲ್ಲಿ ನೀರು ಏರಿತು, ಮೀನೂ ವಾಪಸ್ ಬಂದವು. ಎರಡೂ ಚಿತ್ರಗಳನ್ನು ನೋಡಿ. ಮೊದಲನೆಯದನ್ನು ಮಾತ್ರ ನೋಡಿ ಎದ್ದು ಹೋಗಬೇಡಿ.

ಈಗ ನಿರ್ವಹಣೆಯ ಭಾಗ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಎರಡನೇ ವರ್ಷದಲ್ಲಿ ನಿಮಗೆ ಒಂದು ಸೂತ್ರ ಬರುತ್ತದೆ. ಮೀನಿನ ಸಂತತಿ ಕಡಿಮೆ ಇದ್ದಾಗ ಮರಿಗಳೂ ಕಡಿಮೆ. ತುಂಬಿ ತುಳುಕುವಾಗ ಆಹಾರ ಸಾಲದೆ ಬೆಳವಣಿಗೆ ನಿಲ್ಲುತ್ತದೆ. ನಡುವೆ ಎಲ್ಲೋ, ತುಂಬಿದ್ದರ ಅರ್ಧದಷ್ಟು ಇದ್ದಾಗ, ಬೆಳವಣಿಗೆ ಅತಿ ಜಾಸ್ತಿ. ಆ ಬೆಳೆದಷ್ಟನ್ನೇ ಪ್ರತಿ ವರ್ಷ ಹಿಡಿದರೆ ಅಸಲು ಹಾಗೇ ಇರುತ್ತದೆ, ಬಡ್ಡಿ ಮಾತ್ರ ತಿಂದ ಹಾಗೆ. ಬಹಳ ಚಂದದ ಸೂತ್ರ. ಪರೀಕ್ಷೆಯಲ್ಲಿ ಖಂಡಿತ ಕೇಳುತ್ತಾರೆ. ತೊಂದರೆ ಏನೆಂದರೆ ಬ್ಯಾಂಕಿನಲ್ಲಿ ಅಸಲು ಎಷ್ಟಿದೆ ಅಂತ ಪಾಸ್‌ಬುಕ್ ಹೇಳುತ್ತದೆ, ಸಮುದ್ರದಲ್ಲಿ ಮೀನು ಎಷ್ಟಿದೆ ಅಂತ ಹೇಳುವ ಪಾಸ್‌ಬುಕ್ ಇಲ್ಲ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಕಾಡ್ ಅನ್ನುವ ಮೀನಿದೆ. ಸುಮಾರು ಐನೂರು ವರ್ಷ ಜನ ಅದನ್ನು ಹಿಡಿದು ಬದುಕಿದರು. 1950ರ ದಶಕದಿಂದ ದೊಡ್ಡ ದೊಡ್ಡ ಟ್ರಾಲರ್ ಹಡಗುಗಳು ಬಂದವು. ಹಡಗಿನಲ್ಲೇ ಮೀನು ಕೊಯ್ದು, ಹೆಪ್ಪುಗಟ್ಟಿಸಿ ಇಡುವ ಕಾರ್ಖಾನೆ. 1968ರಲ್ಲಿ ಆ ಕಡಲಿನಿಂದ 8 ಲಕ್ಷ ಟನ್ನಿಗೂ ಜಾಸ್ತಿ ಕಾಡ್ ಎತ್ತಿದರು. ಆಮೇಲೆ ಕುಸಿಯಿತು. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿ ತನಕ ತನ್ನ ಹಕ್ಕು ಅಂತ ಸಾರಿ, ವಿದೇಶಿ ಹಡಗುಗಳನ್ನು ಹೆಚ್ಚು ಕಡಿಮೆ ಹೊರಗಿಟ್ಟಿತು. ಇನ್ನು ನಮ್ಮ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ, ಅಷ್ಟೇ ಹಿಡಿಯೋಣ ಅಂತಾಯಿತು.

ಲೆಕ್ಕ ಹೇಗೆ ಹಾಕಿದರು? ಸರ್ಕಾರದ ಸಂಶೋಧನಾ ಹಡಗಿನ ಸಮೀಕ್ಷೆ ಒಂದು. ವ್ಯಾಪಾರದ ಟ್ರಾಲರ್‌ಗಳಿಗೆ ಗಂಟೆಗೆ ಎಷ್ಟು ಮೀನು ಸಿಗುತ್ತಿದೆ ಅನ್ನುವುದು ಇನ್ನೊಂದು. ಟ್ರಾಲರ್‌ಗಳಿಗೆ ಚೆನ್ನಾಗಿ ಸಿಗುತ್ತಿತ್ತು. ಹಾಗಾದರೆ ಕಡಲಲ್ಲಿ ಮೀನು ಚೆನ್ನಾಗಿದೆ ಅಂತಲೇ ಅಲ್ವಾ? ಅಲ್ಲ. ಕಾಡ್ ಗುಂಪು ಕಟ್ಟುವ ಮೀನು. ಸಂಖ್ಯೆ ಇಳಿದರೂ ಉಳಿದವು ಒತ್ತಾಗಿ ಒಂದೇ ಕಡೆ ಸೇರುತ್ತವೆ. ಟ್ರಾಲರಿನಲ್ಲಿ ಧ್ವನಿ ಕಳಿಸಿ ಮೀನಿನ ಗುಂಪು ಹುಡುಕುವ ಯಂತ್ರ ಇರುತ್ತದೆ, ನೇರವಾಗಿ ಅಲ್ಲಿಗೇ ಹೋಗುತ್ತದೆ. ಕೊನೆಯ ಗುಂಪಿನ ತನಕವೂ ಬಲೆ ತುಂಬುತ್ತಲೇ ಇರುತ್ತದೆ.

ಅದೇ ಹೊತ್ತಿಗೆ ದಡದ ಹತ್ತಿರ ಸಣ್ಣ ದೋಣಿಗಳಲ್ಲಿ ಮೀನು ಹಿಡಿಯುವವರು ಬೇರೆಯದೇ ಹೇಳುತ್ತಿದ್ದರು. ಅವರು ಮೀನಿನ ಹಿಂದೆ ಹೋಗುವವರಲ್ಲ. ಬೇಸಿಗೆಯಲ್ಲಿ ಮೀನೇ ದಡಕ್ಕೆ ಬರುವುದನ್ನು ಕಾಯುವವರು. 1980ರ ದಶಕದ ಮಧ್ಯದಲ್ಲೇ ಅವರು ಹೇಳಿದರು, ಮೀನು ಕಡಿಮೆಯಾಗಿದೆ, ಸಿಗುವುದೂ ಚಿಕ್ಕದು. ಅವರ ಮಾತಿಗೆ ಗ್ರಾಫಿನಲ್ಲಿ ಜಾಗ ಇರಲಿಲ್ಲ. 1992ರ ಜುಲೈ 2ರಂದು ಸರ್ಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷ ಅಂತ ಹೇಳಿದ್ದ ನಿಷೇಧ 2024ರ ತನಕ ಎಳೆಯಿತು. ನಾನು ಈ ಪಾಠ ಮಾಡುವಾಗ ಪ್ರತಿ ಸಲ ಆ ಬಲೆ ಹಾಕುತ್ತಿದ್ದ ಹಿರಿಯರು ನೆನಪಾಗುತ್ತಾರೆ. ಬೆಳಗಿನ ಜಾವ ಬಾ ಅಂದಿದ್ದರು.

ಹಾಗಂತ ಸ್ಥಳೀಯರು ಹೇಳಿದ್ದೆಲ್ಲ ಸರಿ, ವಿಜ್ಞಾನಿ ಹೇಳಿದ್ದೆಲ್ಲ ತಪ್ಪು ಅಂತ ಬರೆದುಕೊಳ್ಳಬೇಡಿ. ರಣಹದ್ದುಗಳ ವಿಷಯ ನೋಡಿ. ದಕ್ಷಿಣ ಏಷ್ಯಾದಲ್ಲಿ 1990ರ ದಶಕದಲ್ಲಿ ಅವು ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದು ಹದಿನೈದು ವರ್ಷದಲ್ಲಿ ನೂರಕ್ಕೆ 99ಕ್ಕಿಂತ ಜಾಸ್ತಿ ಹೋಯಿತು. ಯಾವುದೋ ವೈರಸ್ ಇರಬೇಕು ಅಂತ ಬಹಳ ಜನ ಅಂದುಕೊಂಡರು. ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದವರಿಗೆ ಮೂತ್ರಪಿಂಡ ಕೆಟ್ಟಿರುವುದು, ಒಳ ಅಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣದ ಹಾಗೆ ಕೂತಿರುವುದು ಕಂಡಿತು. 2004ರಲ್ಲಿ ಕಾರಣ ಪ್ರಕಟವಾಯಿತು: ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಔಷಧಿ ಹಾಕಿದ ದನ ಸತ್ತರೆ, ಅದನ್ನು ತಿಂದ ಹದ್ದು ಸಾಯುತ್ತಿತ್ತು. ಇದು ಯಾರ ಕಣ್ಣಿಗೂ ಸುಮ್ನೆ ಕಾಣುವ ವಿಷಯವಲ್ಲ. ಪಶುವೈದ್ಯರು, ಹಕ್ಕಿ ಎಣಿಸುವವರು, ರಸಾಯನ ಶಾಸ್ತ್ರಜ್ಞರು ಸೇರಿ ಹುಡುಕಿದ್ದು. ಆದರೆ ಕಾರಣ ಸಿಕ್ಕಿದ ಮೇಲೂ ದನಕ್ಕೆ ನೋವಾದರೆ ಸಾಕಿದವರು ಏನು ಮಾಡಬೇಕು? ಮೆಲೊಕ್ಸಿಕಾಮ್ ಅನ್ನುವ ಬೇರೆ ಔಷಧಿ ಹದ್ದಿಗೆ ಅಪಾಯ ಮಾಡುವುದಿಲ್ಲ ಅಂತ ಪರೀಕ್ಷಿಸಿ ತೋರಿಸಿದ್ದು ಅಷ್ಟೇ ಮುಖ್ಯ. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿದವು. ಬೇಡ ಅನ್ನುವ ಮುಂಚೆ ಅದರ ಬದಲಿಗೆ ಏನು ಅಂತ ಯೋಚಿಸುವುದು, ಅದೇ ನಿರ್ವಹಣೆ.

ನಿಮ್ಮ ಪಠ್ಯದಲ್ಲಿ ಇನ್ನೊಂದು ದೊಡ್ಡ ವಾದ ಬರುತ್ತದೆ. ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದರು: ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬರೂ ಇನ್ನೊಂದು ದನ ಬಿಡುತ್ತಾರೆ, ಕೊನೆಗೆ ಹುಲ್ಲುಗಾವಲೇ ಇರುವುದಿಲ್ಲ. ಇದನ್ನು ಓದಿದವರು ಒಂದೋ ಸರ್ಕಾರದ ಕೈಗೆ ಕೊಡಿ, ಇಲ್ಲ ಖಾಸಗಿಯವರಿಗೆ ಹಂಚಿ ಅಂದರು. ಎಲಿನಾರ್ ಆಸ್ಟ್ರಮ್ ಅನ್ನುವ ಅಮೆರಿಕದ ರಾಜ್ಯಶಾಸ್ತ್ರಜ್ಞೆ ಹೋಗಿ ನೋಡಿದರು. ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ಊರೂರಿನ ದಾಖಲೆ ಕಲೆಹಾಕಿದರು. ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿಯಲ್ಲಿ 1517ರಿಂದ ಒಂದು ನಿಯಮ ಇದೆ. ಚಳಿಗಾಲದಲ್ಲಿ ನಿಮ್ಮ ಸ್ವಂತ ಮೇವು ಹಾಕಿ ಎಷ್ಟು ಹಸು ಸಾಕಬಲ್ಲಿರೋ, ಬೇಸಿಗೆಯಲ್ಲಿ ಬೆಟ್ಟದ ಹುಲ್ಲಿಗೆ ಅಷ್ಟೇ ಬಿಡಬೇಕು. ಎಷ್ಟು ಸರಳ, ಎಷ್ಟು ಸುಲಭವಾಗಿ ಪರೀಕ್ಷಿಸಬಹುದು ನೋಡಿ. ಸ್ಪೇನಿನ ವ್ಯಾಲೆನ್ಸಿಯಾದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಚರ್ಚಿನ ಬಾಗಿಲ ಮುಂದೆ ನೀರಿನ ನ್ಯಾಯಾಲಯ ಕೂರುತ್ತದೆ. ಕಾಲುವೆಯ ರೈತರೇ ಆರಿಸಿ ಕಳಿಸಿದ ಎಂಟು ಜನ. ಸರದಿ ತಪ್ಪಿ ನೀರು ಕಟ್ಟಿದವರ ಮೇಲೆ ದೂರು ಬಂದರೆ ಬಾಯಿ ಮಾತಿನಲ್ಲೇ ವಿಚಾರಣೆ, ಅಲ್ಲೇ ತೀರ್ಪು. ಶತಮಾನಗಳಿಂದ ಹೀಗೆ ನಡೆದಿದೆ. 2009ರಲ್ಲಿ ಆಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಭಾಗದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ. ಅವರು ತೋರಿಸಿದ್ದು ಸಣ್ಣ ವಿಷಯವಲ್ಲ. ಬಳಸುವವರೇ ನಿಯಮ ಮಾಡಿ, ತಾವೇ ಕಾವಲು ಕಾಯ್ದರೆ ಹುಲ್ಲುಗಾವಲು ಉಳಿಯಬಹುದು. ಎಲ್ಲ ಕಡೆ ಉಳಿಯುತ್ತದೆ ಅಂತ ಅವರು ಹೇಳಲಿಲ್ಲ, ಅದನ್ನೂ ನೆನಪಿಡಿ. ಯಾವ ಕಡೆ ಉಳಿಯಿತು, ಯಾವ ಕಡೆ ಸೋತಿತು ಅಂತ ಪಕ್ಕಪಕ್ಕ ಇಟ್ಟು ನೋಡಿದರು.

ಕೆಲಸದ ವಿಷಯ. ಪ್ರಯೋಗಾಲಯ ಇದೆ, ನೀರು ಮತ್ತು ಅರಣ್ಯ ಇಲಾಖೆಗಳಿವೆ, ನಕ್ಷೆ ಮಾಡುವ ಕೆಲಸ ಇದೆ, ಸಂಶೋಧನೆ ಇದೆ. ಬಹಳ ಜನ ಪರಿಸರ ಪರಿಣಾಮದ ವರದಿ ಬರೆಯುವ ಕೆಲಸಕ್ಕೆ ಹೋಗುತ್ತೀರಿ. ಅಮೆರಿಕದಲ್ಲಿ 1970ರ ಜನವರಿ 1ರಂದು ಜಾರಿಗೆ ಬಂದ ಕಾನೂನಿನಿಂದ ಶುರುವಾದ ಪದ್ಧತಿ ಇದು, ಈಗ ಜಗತ್ತಿನ ಹೆಚ್ಚು ಕಡಿಮೆ ಎಲ್ಲ ದೇಶದಲ್ಲೂ ಇದೆ. ದೊಡ್ಡ ಯೋಜನೆಗೆ ಮುಂಚೆ ಏನು ಹಾಳಾಗುತ್ತದೆ ಅಂತ ಅಧ್ಯಯನ ಮಾಡಬೇಕು. ಒಳ್ಳೆಯ ಪದ್ಧತಿ. ಆದರೆ ಎಷ್ಟೋ ಕಡೆ ಯೋಜನೆ ಮಾಡುವವರೇ ಅಧ್ಯಯನಕ್ಕೂ ದುಡ್ಡು ಕೊಡುತ್ತಾರೆ. ನೀವು ಅದರೊಳಗೆ ನಿಂತು ಕೆಲಸ ಮಾಡಬೇಕು.

ನನ್ನ ಮೊದಲ ಕೆಲಸವೂ ಅದೇ. ಒಂದು ಜೌಗು ಜಾಗದ ಸಮೀಕ್ಷೆಗೆ ನಮ್ಮನ್ನು ಒಣ ತಿಂಗಳಲ್ಲಿ ಕಳಿಸಿದರು. ನೆಲ ಬಿರುಕು ಬಿಟ್ಟಿತ್ತು. ವರದಿಯಲ್ಲಿ ಒಂದು ಸಾಲು ಹೋಯಿತು: ಕಪ್ಪೆಗಳು ಕಂಡುಬಂದಿಲ್ಲ. ಅದರ ಪ್ರತಿ ಅಕ್ಷರವೂ ನಿಜ. ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ನಿಂತರೆ ಪಕ್ಕದವರ ಮಾತು ಕೇಳದಷ್ಟು ಕಪ್ಪೆಗಳ ಸದ್ದು ಇರುತ್ತದೆ ಅಂತ ನನಗೆ ಗೊತ್ತಿತ್ತು. ಸಹಿ ಹಾಕಿದೆ. ಹೊಸಬ, ಕೆಲಸ ಬೇಕಿತ್ತು. ಇವತ್ತಿಗೂ ಆ ಸಾಲು ನನ್ನನ್ನು ಕಾಡುತ್ತದೆ. ಅದಕ್ಕೇ ನಿಮಗೆ ಒಂದು ದಾರಿ ಹೇಳಿಕೊಡುತ್ತೇನೆ, ಆಮೇಲೆ ನಾನು ರೂಢಿ ಮಾಡಿಕೊಂಡದ್ದು. ಯಾವ ಅಂಕಿಯ ಪಕ್ಕದಲ್ಲೂ ತಿಂಗಳು, ಗಂಟೆ, ಹವಾಮಾನ ಬರೆಯಿರಿ. "ಒಣ ತಿಂಗಳಲ್ಲಿ, ನೀರಿಲ್ಲದಾಗ, ಕಪ್ಪೆಗಳು ಕಂಡುಬಂದಿಲ್ಲ, ಮಳೆಗಾಲದಲ್ಲಿ ಮತ್ತೆ ನೋಡಬೇಕು." ಯಾರೂ ಸಾಮಾನ್ಯವಾಗಿ ಅದನ್ನು ಹೊಡೆದು ಹಾಕುವುದಿಲ್ಲ. ಹೊಡೆದರೆ, ಹೊಡೆದವರು ಯಾರು ಅಂತಾದರೂ ಗೊತ್ತಾಗುತ್ತದೆ.

ಒಬ್ಬ ವಿದ್ಯಾರ್ಥಿನಿ ಒಳಗೆ ಬರುವಾಗ ನನ್ನನ್ನು ಕೇಳಿದಳು, "ಸರ್, ಇದನ್ನೆಲ್ಲ ಓದಿದರೆ ಬೇಜಾರಾಗಲ್ವಾ?" ಅಂತ. ಆಗುತ್ತದೆ. ಎರಡನೇ ವರ್ಷದ ಕೊನೆಗೆ ಬಹಳ ಜನಕ್ಕೆ ಆಗುತ್ತದೆ, ನನಗೂ ಆಗಿತ್ತು. ನನಗೆ ಸಹಾಯ ಮಾಡಿದ್ದು ಒಂದೇ, ಒಂದು ಜಾಗ ಹಿಡಿದುಕೊಂಡದ್ದು. ಇಡೀ ಭೂಮಿಯ ಚಿಂತೆ ಒಬ್ಬರ ತಲೆಗೆ ಹಿಡಿಸುವುದಿಲ್ಲಮ್ಮ. ಒಂದು ಹಳ್ಳ, ಒಂದು ಗುಡ್ಡದ ಮಗ್ಗುಲು, ಯಾವುದಾದರೂ ಸರಿ, ವರ್ಷಪೂರ್ತಿ ಹೋಗು. ಒಂದು ನೋಟ್‌ಬುಕ್ ಇಡು, ಪೆನ್ಸಿಲ್ಲಿನಲ್ಲಿ ಬರೆ, ಮಳೆಗೆ ಶಾಯಿ ಅಳಿಯುತ್ತದೆ. ಅಲ್ಲಿನ ಒಂದು ಗುಂಪಿನ ಜೀವಿಗಳ ಹೆಸರು ಪೂರ್ತಿ ಕಲಿ. ಹುಲ್ಲಾಗಲಿ, ಜೇಡವಾಗಲಿ, ಏರೋಪ್ಲೇನ್ ಚಿಟ್ಟೆಯಾಗಲಿ. ಹೆಸರು ಗೊತ್ತಾದ ಮೇಲೆ ಅವು ಇಲ್ಲದಾದಾಗಲೂ ಗೊತ್ತಾಗುತ್ತದೆ, ವಾಪಸ್ ಬಂದಾಗಲೂ ಗೊತ್ತಾಗುತ್ತದೆ.

ಆ ಕೆರೆಗೆ ನಾನು ಆಮೇಲೂ ಹೋಗುತ್ತಿದ್ದೆ. ಕೊಳಚೆ ಬರುವ ಕಾಲುವೆಯನ್ನು ಬೇರೆ ಕಡೆ ತಿರುಗಿಸಲು ಬಹಳ ವರ್ಷ ಹಿಡಿಯಿತು. ಅರ್ಜಿಯ ಜೊತೆ ನಾವು ಲಗತ್ತಿಸಿದ್ದು ಬೆಳಗಿನ ಐದೂವರೆಯ ಅಂಕಿಗಳನ್ನು. ಆ ಹಿರಿಯರು ಪ್ರತಿ ಸಲವೂ ಜೊತೆಗೆ ಬಂದು, ಮೀನು ಎಲ್ಲಿ ಬಾಯಿ ಬಿಡುತ್ತವೆ ಅಂತ ತೋರಿಸಿ, ಬಾಟಲಿ ಎಲ್ಲಿ ಮುಳುಗಿಸಬೇಕು ಅಂತ ಹೇಳುತ್ತಿದ್ದರು.

ನಾಳೆ ಶನಿವಾರ, ಕ್ಲಾಸಿಲ್ಲ. ಬಾಟಲಿಗಳು ಹನ್ನೆರಡು ಇವೆ, ಮ್ಯಾಂಗನೀಸ್ ಮತ್ತು ಅಯೊಡೈಡ್ ದ್ರಾವಣ ಮಾಡಿಟ್ಟಿದ್ದೇನೆ. ಐದು ಗಂಟೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಬರುವವರು ಟಾರ್ಚ್ ತನ್ನಿ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಹಾಕಿಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಮತ್ತೊಮ್ಮೆ ಹೋಗುತ್ತೇವೆ.